ಬೆಳ್ಳುಳ್ಳಿ ಕಪ್ಪಾಗಲಿಲ್ಲ ಅಂತ ಕಾಡಣಬೆ ತಿನ್ನಬೇಡಿ

ಮಳೆ ಶುರುವಾದ ಕೂಡಲೇ ವಾಟ್ಸಾಪಿನಲ್ಲಿ ಒಂದು ಸಂದೇಶ ಓಡಾಡುತ್ತದೆ: ‘ಅಣಬೆ ಬೇಯಿಸುವಾಗ ಬೆಳ್ಳುಳ್ಳಿ ಅಥವಾ ಬೆಳ್ಳಿ ಚಮಚ ಹಾಕಿ. ಕಪ್ಪಾಗದಿದ್ದರೆ ವಿಷವಿಲ್ಲ.’ ಇದು ಶುದ್ಧ ಸುಳ್ಳು. ಬೆಳ್ಳಿ ಕಪ್ಪಾಗುವುದು ಗಂಧಕದಿಂದ. ಅಮಾಟಾಕ್ಸಿನ್ ಎಂಬ ಮಾರಕ ವಿಷ ಚಮಚದ ಬಣ್ಣ ಬದಲಿಸುವುದಿಲ್ಲ, ಎಷ್ಟು ಕುದಿಸಿದರೂ ಹೋಗುವುದಿಲ್ಲ. ಹುಳ ತಿಂದ ಅಣಬೆ ನಮಗೂ ಆಗುತ್ತದೆ ಎನ್ನುವುದೂ ಅಷ್ಟೇ, ಸುಮ್ನೆ ಮಾತು.

ಮೋಸ ಜಾಸ್ತಿ ಆಗುವುದು ಹುಲ್ಲುಹಾಸಿನ ದೊಡ್ಡ ಬಿಳಿ ಅಣಬೆಯಿಂದ. ಹೆಸರು ಕ್ಲೋರೋಫಿಲಮ್ ಮಾಲಿಬ್ಡೈಟಿಸ್. ಇದು ವಿಷದ್ದು, ಆದರೆ ತಿನ್ನುವ ಹುತ್ತದ ಅಣಬೆ ಅಂತ ಜನ ತಪ್ಪು ತಿಳಿಯುತ್ತಾರೆ. ಎಳೆಯದಿದ್ದಾಗ ಕೊಡೆಯ ಅಡಿಯ ಪದರ ಬಿಳಿ, ಬಲಿತಂತೆ ಹಸಿರುಬೂದು. ಕಾಂಡದ ಮೇಲೆ ಬಳೆಯಂಥ ಉಂಗುರ. ಬಲಿತ ಕೊಡೆಯನ್ನು ರಾತ್ರಿ ಬಿಳಿ ಹಾಳೆಯ ಮೇಲೆ ಮಗುಚಿಟ್ಟರೆ ಬೆಳಗ್ಗೆ ಹಸಿರು ಪುಡಿ ಉದುರಿರುತ್ತದೆ. ಹುತ್ತದ ಅಣಬೆಗೆ ಹಾಗಲ್ಲ: ಕೊಡೆಯ ನೆತ್ತಿ ಸಾಮಾನ್ಯವಾಗಿ ಚೂಪು, ಪುಡಿ ನಸುಗುಲಾಬಿ, ಕಾಂಡ ಬೇರಿನಂತೆ ಗೆದ್ದಲುಗೂಡಿನವರೆಗೆ ಇಳಿದಿರುತ್ತದೆ. ಕಿತ್ತು ತರದೆ ಅಗೆದು ನೋಡಿದರೆ ಮಾತ್ರ ಇದು ಕಾಣುತ್ತದೆ. ಇಷ್ಟು ಹೊಂದಿತು ಅಂತ ಬಾಣಲೆಗೆ ಹಾಕಬೇಡಿ, ಬಲ್ಲವರಿಗೆ ತೋರಿಸಿ.

ತಿಂದ ಆರು ಗಂಟೆಯ ನಂತರ ವಾಂತಿ-ಭೇದಿ ಶುರುವಾದರೆ ಹೆಚ್ಚು ಅಪಾಯ, ಅದು ಅಮಾಟಾಕ್ಸಿನ್ ಇರಬಹುದು. ನಡುವೆ ಒಂದು ದಿನ ಹುಷಾರಾದಂತೆ ಕಂಡರೂ ಯಕೃತ್ತು ಕೆಡುತ್ತಿರಬಹುದು. ಉಳಿದ ಅಣಬೆಯ ತುಂಡನ್ನೂ ಹಿಡಿದುಕೊಂಡು ಆಸ್ಪತ್ರೆಗೆ ಹೋಗಿ.