ಸತ್ಯಾಂಶ: ವಾಟ್ಸಾಪ್‌ನಲ್ಲಿ ಕೆಂಪು ಟಿಕ್ ಇಲ್ಲ

ಚುನಾವಣೆಯ ಚರ್ಚೆ ಕಾವೇರಿತೆಂದರೆ ಕೊಡಗಿನ ವಾಟ್ಸಾಪ್ ಗುಂಪುಗಳಿಗೂ ಈ ಹಳೆಯ ಸಂದೇಶ ಬಂದು ಬೀಳುತ್ತದೆ: "ನಾಳೆಯಿಂದ ಎಲ್ಲ ಕರೆಗಳೂ ರೆಕಾರ್ಡ್ ಆಗುತ್ತವೆ. ಎರಡು ನೀಲಿ, ಒಂದು ಕೆಂಪು ಟಿಕ್ ಕಂಡರೆ ಸರ್ಕಾರ ನಿಮ್ಮ ಮೇಲೆ ಕ್ರಮ ಕೈಗೊಳ್ಳುತ್ತದೆ. ರಾಜಕೀಯ ಬರೆಯಬೇಡಿ."

ಇದು ಸುಳ್ಳು. ಒಂದು ಬೂದು ಟಿಕ್ ಎಂದರೆ ಸಂದೇಶ ಹೊರಟಿದೆ, ಎರಡಾದರೆ ತಲುಪಿದೆ, ಎರಡೂ ನೀಲಿಯಾದರೆ ಓದಿದ್ದಾರೆ. ಕೆಂಪು ಬಣ್ಣದ್ದಾಗಲಿ, ಮೂರನೆಯದಾಗಲಿ ಇಲ್ಲವೇ ಇಲ್ಲ. ಕೇಂದ್ರ ಸರ್ಕಾರದ ವಾರ್ತಾ ಸಂಸ್ಥೆಯ ಸುಳ್ಳುಸುದ್ದಿ ಪರಿಶೀಲನಾ ವಿಭಾಗವಾದ ಪಿಐಬಿ ಫ್ಯಾಕ್ಟ್ ಚೆಕ್ ಕೂಡ ಇದನ್ನು ಅಲ್ಲಗಳೆದಿದೆ. 2016ರಿಂದ ವಾಟ್ಸಾಪ್ ಸಂದೇಶ, ಕರೆಗಳು ಗೂಢಲಿಪಿಯಲ್ಲಿ ಸಾಗುತ್ತಿದ್ದು, ನಡುದಾರಿಯಲ್ಲಿ ಓದಲು ಕಂಪನಿಗೂ ಆಗದು.

ರಾಜಕೀಯ ಬರೆಯುವುದು ಅಪರಾಧವೂ ಅಲ್ಲ. ಆನ್‌ಲೈನ್ ಮಾತಿಗೆ ಬಂಧಿಸಲು ಬಳಕೆಯಾಗುತ್ತಿದ್ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ರದ್ದುಪಡಿಸಿತು. ಹಾಗೆಂದು ಏನನ್ನಾದರೂ ಬರೆಯಬಹುದೆಂದಲ್ಲ. ಜನರ ನಡುವೆ ದ್ವೇಷ ಬಿತ್ತುವ ಬರಹಕ್ಕೆ ಈಗಲೂ ಶಿಕ್ಷೆಯಿದೆ. ಅಂಥದ್ದು ಪೊಲೀಸರ ಕೈಸೇರಲು ಟಿಕ್ ಬೇಕಿಲ್ಲ, ಗುಂಪಿನಲ್ಲೇ ಇರುವವರೊಬ್ಬರ ದೂರು ಸಾಕು.

ನನಗೆ ನೋವಾಗುವುದು ಈ ಸುಳ್ಳು ಯಾರ ಬಾಯಿ ಮುಚ್ಚಿಸುತ್ತದೆ ಎಂಬುದಕ್ಕೆ. ಕಾಡಾನೆ ತುಳಿದ ತೋಟಕ್ಕೆ ಪರಿಹಾರವೆಲ್ಲಿ ಎಂದು ಶಾಸಕರನ್ನು ಕೇಳಬೇಕಾದ ಸಣ್ಣ ಬೆಳೆಗಾರ ಹೆದರಿ ಸುಮ್ಮನಾಗುತ್ತಾನೆ. ಕೇಳುವುದು ಅವನ ಹಕ್ಕು.

ಅಂದ ಹಾಗೆ, ಸಂದೇಶದ ಮೇಲೆ ಜೋಡಿ ಬಾಣದ ಗುರುತಿದ್ದರೆ ಅದು ಕೈಯಿಂದ ಕೈಗೆ ಹಲವು ಬಾರಿ ದಾಟಿ ಬಂದದ್ದು. 2020ರಿಂದ ಅಂಥದ್ದನ್ನು ಒಮ್ಮೆಗೆ ಒಬ್ಬರಿಗೆ ಅಥವಾ ಒಂದು ಗುಂಪಿಗೆ ಮಾತ್ರ ಕಳುಹಿಸಬಹುದು.