1967ರಲ್ಲಿ ಸಿಕ್ಕಿದ್ದು ಓಟಿನ ಹಕ್ಕಲ್ಲ
ಆಸ್ಟ್ರೇಲಿಯಾದ ಮೂಲನಿವಾಸಿಗಳಿಗೆ 1967ರ ಜನಮತಗಣನೆಯಿಂದ ಓಟಿನ ಹಕ್ಕು ಬಂತು, ಅಲ್ಲಿಯವರೆಗೆ ಕಾನೂನು ಅವರನ್ನು ಪ್ರಾಣಿ, ಗಿಡಗಳ ಜೊತೆ ಸೇರಿಸಿತ್ತು ಅಂತ ಒಂದು ಮಾತು ಹರಿದಾಡುತ್ತಿದೆ. ಎರಡೂ ತಪ್ಪು. ರಾಷ್ಟ್ರೀಯ ಚುನಾವಣೆಯಲ್ಲಿ ಎಲ್ಲರಿಗೂ ಓಟು 1962ರಲ್ಲೇ ಸಿಕ್ಕಿತ್ತು, ಕ್ವೀನ್ಸ್‌ಲ್ಯಾಂಡ್ ರಾಜ್ಯದ ಚುನಾವಣೆಗೆ ಮಾತ್ರ 1965ರವರೆಗೆ ಕಾಯಬೇಕಾಯಿತು. ಪ್ರಾಣಿ-ಗಿಡಗಳ ಕಾಯ್ದೆ ಇರಲೇ ಇಲ್ಲ.

1967ರಲ್ಲಿ ಶೇ. 90ಕ್ಕೂ ಜಾಸ್ತಿ ಜನ ಹೌದು ಎಂದಿದ್ದರಿಂದ, ಮೂಲನಿವಾಸಿಗಳನ್ನು ಜನಸಂಖ್ಯೆಯ ಲೆಕ್ಕಕ್ಕೆ ಸೇರಿಸಬಾರದು ಎನ್ನುತ್ತಿದ್ದ ಸಂವಿಧಾನದ 127ನೇ ಕಲಂ ಹೋಯಿತು, ಅವರಿಗಾಗಿ ಕಾನೂನು ಮಾಡುವ ಅಧಿಕಾರ ಕೇಂದ್ರಕ್ಕೂ ಬಂತು. ಅದೇ ಎಷ್ಟು ದೊಡ್ಡದು ಅಲ್ವಾ, ಸುಮ್ನೆ ಇಲ್ಲದ್ದನ್ನು ಯಾಕೆ ಸೇರಿಸಬೇಕು? ನಿಜವಾಗಿ ನಡೆದ ಅನ್ಯಾಯವೇ ಬೇಕಾದಷ್ಟಿದೆ. ಮೂಲನಿವಾಸಿ ತಾಯಂದಿರಿಂದ ಸರ್ಕಾರ ಮಕ್ಕಳನ್ನು ಕಿತ್ತುಕೊಂಡಿದ್ದಕ್ಕೆ ಆಗಿನ ಪ್ರಧಾನಿ ಕೆವಿನ್ ರಡ್ ಸಂಸತ್ತಿನಲ್ಲಿ ಕ್ಷಮೆ ಕೇಳಿದ್ದು 2008ರಲ್ಲಿ.