ನಾಲ್ಕನೇ ಕಾಲಂ

ಶಿರಸಿಯಿಂದ ಕುಮಟಾಕ್ಕೆ ದೇವಿಮನೆ ಘಟ್ಟ ಇಳಿಯುವ ಬಸ್ಸು. ಹಿಂದಿನ ಸೀಟಿನಲ್ಲಿ ಶಾಲೆ ಮಾಣಿಯೊಬ್ಬನ ಪರೀಕ್ಷೆಯ ಬಾಯಿಪಾಠ: ‘ಬ್ಯೂಟಿ, ಬ್ಯೂಟಿಫೈ, ಬ್ಯೂಟಿಫುಲ್, ಬ್ಯೂಟಿಫುಲ್ಲಿ.’ ತಿರುವಿಗೊಂದು ಶಬ್ದ. ಅಡ್ಡಿಲ್ಲ. ಮುಂದಿನ ತಿರುವಿನಲ್ಲಿ ‘ಫಾಸ್ಟ್‌ಲಿ’ ಬಂತು.

ತಪ್ಪು ಮಾಣಿಯದಲ್ಲ, ಪಟ್ಟಿಯದು. ನೌನ್, ವರ್ಬ್, ಅಡ್ಜೆಕ್ಟಿವ್, ಅಡ್ವರ್ಬ್ ಎಂದು ಸ್ಕೇಲಿಟ್ಟು ನಾಲ್ಕು ಕಾಲಂ ಗೆರೆ ಎಳೆದ ಮೇಲೆ ಒಂದನ್ನು ಖಾಲಿ ಬಿಡುವ ಧೈರ್ಯ ಯಾರಿಗಿದೆ? ಖಾಲಿ ಬಿಟ್ಟರೆ ಮಾರ್ಕು ಹೋಗುತ್ತದೆ. ಇಲ್ಲದ ಶಬ್ದ ತುಂಬಿದರೆ ಪ್ರಯತ್ನಕ್ಕೆ ಅರ್ಧವಾದರೂ ಸಿಕ್ಕೀತೆಂಬ ಆಸೆ. ಓಡುವ ಬಸ್ಸೂ ಫಾಸ್ಟ್, ಅದು ಓಡುವ ರೀತಿಯೂ ಫಾಸ್ಟ್. ನೌನ್ ಕಾಲಂನಲ್ಲಿ ಫಾಸ್ಟ್ ಅಂದರೆ ಏಕಾದಶಿ ಉಪವಾಸ. ಹಾರ್ಡ್‌ಗೆ ‘ಲಿ’ ಬಾಲ ಅಂಟಿಸಿ ಸಂದರ್ಶನದಲ್ಲಿ ‘ಐ ಹಾರ್ಡ್‌ಲಿ ವರ್ಕ್’ ಅಂದರೆ, ‘ನಾನು ಕೆಲಸ ಮಾಡುವುದೇ ಅಪರೂಪ’ ಎಂದು ಒಪ್ಪಿಕೊಂಡಂತೆ. ಫ್ರೆಂಡ್ಲಿಗೆ ಹುಟ್ಟಾ ಬಾಲವಿದೆ, ಆದರೂ ಅದು ಅಡ್ಜೆಕ್ಟಿವ್.

ಕನ್ನಡವೇನು ಸಾಚಾ ಅಲ್ಲ. ಓಡು ಓಟವಾಯಿತು, ನೋಡು ನೋಟ, ಕಾಡು ಕಾಟ. ಸಾಲು ಹೀಗೆ ಚಂದ ಸಾಗುವಾಗ ಮಾಡು ಮಾತ್ರ ಮಾಟವಾಗಿ ನಿಂಬೆಹಣ್ಣು ಹಿಡಿದು ನಿಂತಿತು. ಹಾಡು ‘ಹಾಟ’ವಾಗಲು ಒಪ್ಪಲೇ ಇಲ್ಲ. ಆಡು-ಆಟದ ಸಂಗತಿ ಇನ್ನೂ ಮಜ. ನಮ್ಮ ಕಡೆ ‘ರಾತ್ರಿ ಆಟ ಇದ್ದು’ ಅಂದರೆ ಕ್ರಿಕೆಟ್ಟಲ್ಲ, ಯಕ್ಷಗಾನ. ಬಣ್ಣ, ಗೆಜ್ಜೆ, ಕುಣಿತ ಬಿಟ್ಟು ಕೂತು ಅರ್ಥ ಹೇಳಿದರೆ ಅದು ತಾಳಮದ್ದಲೆ. ಆಗ ಆಟ ಹೋಗಿ ಕೂಟ. ಆಟ ಆಡುವವನು ಆಟಗಾರನಾಗಬೇಕಲ್ಲ? ಉಹೂಂ. ಅವನು ವೇಷಧಾರಿ. ಕೂಟದಲ್ಲಿ ಕೂತವನು ಅರ್ಥಧಾರಿ. ಕೌರವನ ವೇಷ ಕಟ್ಟಿದವನನ್ನು ಚೌಕಿಗೆ, ಅಂದರೆ ಬಣ್ಣದ ಮನೆಗೆ, ಹೋಗಿ ‘ಒಳ್ಳೆ ಆಟಗಾರ’ ಎಂದು ಹೊಗಳಿ ನೋಡಿ, ಕಿರೀಟ ಬಿಚ್ಚುವ ಮೊದಲೇ ಉತ್ತರ ಬರುತ್ತದೆ. ಆಟಗಾರ ಎಂಬ ಶಬ್ದ ತಪ್ಪಲ್ಲ, ಅದರ ಮನೆ ಬೇರೆ. ಇದನ್ನು ಯಾವ ಕಾಲಂನಲ್ಲಿ ಬರೆಯುವುದು?

ಇಂಗ್ಲಿಷಿನಲ್ಲೂ ಶಬ್ದದ ಜೊತೆ ಅದರ ನೆಂಟರನ್ನು ನೋಡಬೇಕು. ಡಿಸ್ಕಸ್ ಪಕ್ಕ ಅಬೌಟ್ ಕೂರುವುದಿಲ್ಲ: ‘ಡಿಸ್ಕಸ್ ದ ಪ್ರಾಬ್ಲೆಮ್’. ಅದೇ ಡಿಸ್ಕಷನ್ ಆದಾಗ ಅಬೌಟ್ ಕೂರುತ್ತದೆ. ನಾವು ‘ಸಮಸ್ಯೆಯ ಬಗ್ಗೆ ಚರ್ಚಿಸಿ’ ರೂಢಿಯಾದವರು, ಎರಡಕ್ಕೂ ‘ಬಗ್ಗೆ’ ಹಚ್ಚಿಬಿಡುತ್ತೇವೆ. ಡಿಸಿಷನ್ ಕಲಿತರೆ ‘ಮೇಕ್ ಎ ಡಿಸಿಷನ್’ ಎಂದೇ ಕಲಿಯಬೇಕು. ‘ಡೂ’ ಹಾಕಿದರೆ ಕೆಟ್ಟಿತು. ಕಾಲಂ ಬದಲು ಶಬ್ದಕ್ಕೊಂದು ವಾಕ್ಯ ಬರೆದರೆ ಪುಟಕ್ಕೆ ಆರೇಳು ಶಬ್ದ ಹಿಡಿದಾವು. ಪಟ್ಟಿಯಲ್ಲಾದರೆ ಮೂವತ್ತು. ಮೂವತ್ತು ಕಂಡರೆ ಅಪ್ಪ-ಆಯಿಗೂ ಖುಷಿ.

ಉಚ್ಚಾರದ ಗೊಡವೆ ಬೇರೆ. ಫೋಟೋಗ್ರಾಫ್‌ನಲ್ಲಿ ಒತ್ತು ಮೊದಲ ಅಕ್ಷರಕ್ಕೆ, ಫೋಟೋಗ್ರಾಫರ್‌ನಲ್ಲಿ ಎರಡನೆಯದಕ್ಕೆ, ಫೋಟೋಗ್ರಾಫಿಕ್‌ನಲ್ಲಿ ಮೂರನೆಯದಕ್ಕೆ. ಪಟ್ಟಿ ನೋಡಿ ಕಲಿತವನಿಗೆ ಮೂರೂ ಒಂದೇ ರಾಗ.

ಬಸ್ಸು ಕತಗಾಲ ದಾಟಿತು. ಹಿಂದಿನ ಸೀಟು ಈಗ ‘ಸ್ಲೋ, ಸ್ಲೋಲಿ’ಗೆ ಬಂದಿದೆ. ಅದು ಸರಿ. ಸರಿ ಇರುವುದೇ ತೊಂದರೆ, ಫಾಸ್ಟ್‌ಲಿಗೆ ಧೈರ್ಯ ಕೊಟ್ಟಿದ್ದು ಅದೇ.